ಬಳಸಿದ ಕಾರು ಮಾರಲು ಜಾಹೀರಾತು ಬರೆಯುವ ಬಗೆ

"ಒಳ್ಳೆ ಕಂಡೀಷನ್‌ನಲ್ಲಿರುವ ಕಾರು ಮಾರಾಟಕ್ಕಿದೆ, ಆಸಕ್ತರು ಸಂಪರ್ಕಿಸಿ." ಹಳೆ ಕಾರಿನ ಎಷ್ಟೋ ಜಾಹೀರಾತುಗಳು ಈ ಒಂದು ಸಾಲಿಗೇ ಮುಗಿದುಹೋಗುತ್ತವೆ. ಹಾಕಿದವರಿಗೆ ಫೋನೇನೋ ಬರುತ್ತದೆ. ಎಷ್ಟು ಓಡಿದೆ, ಎಷ್ಟನೇ ಮಾಲೀಕರು, ಎಲ್ಲಾದರೂ ಗುದ್ದಿದೆಯಾ, ಟೈರ್ ಹೇಗಿದೆ, ಕೊನೆಗೆ ಎಷ್ಟಕ್ಕೆ ಕೊಡ್ತೀರಿ? ಇವೇ ಐದು ಪ್ರಶ್ನೆಗಳಿಗೆ ಇಪ್ಪತ್ತು ಸಲ ಉತ್ತರ ಹೇಳಿ ಸುಸ್ತಾಗುವಷ್ಟರಲ್ಲಿ, ನಿಜವಾಗಿ ಕೊಳ್ಳಬೇಕೆಂದಿದ್ದವರು ಎಲ್ಲ ವಿವರ ಬರೆದಿದ್ದ ಇನ್ನೊಂದು ಕಾರು ನೋಡಲು ಹೊರಟಿರುತ್ತಾರೆ.

ಜಾಹೀರಾತಿನಲ್ಲಿ ಓದಿದ್ದನ್ನೇ ಕಾರಿನ ಮುಂದೆ ನಿಂತಾಗಲೂ ಕಾಣುವಂತಾದರೆ ಅರ್ಧ ಚೌಕಾಸಿ ಅಲ್ಲೇ ಮುಗಿದಂತೆ. ಓದಿದ್ದೊಂದು, ಕಂಡದ್ದೊಂದು ಆದರೆ ಎಂಥ ಒಳ್ಳೆಯ ಕಾರಿಗೂ ಬೆಲೆ ಬೀಳುತ್ತದೆ. ಕೆಳಗಿನ ಪ್ರತಿಯೊಂದು ಹೆಜ್ಜೆಯೂ ಇದೇ ಲೆಕ್ಕಾಚಾರದ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ಬರೆಯುವ ಮುಂಚೆ ಅರ್ಧ ದಿನ ಕಾರಿನ ಜೊತೆ

ನೋಂದಣಿ ಪತ್ರ, ವಿಮೆ, ಸರ್ವಿಸ್ ಬಿಲ್ಲುಗಳು, ಒಂದು ನೋಟ್‌ಬುಕ್, ಒಂದು ಅಳತೆ ಪಟ್ಟಿ ಹಿಡಿದು ಕಾರಿನ ಹತ್ತಿರ ಕೂರಿ. ನೆನಪಿನ ಮೇಲೆ ಬರೆಯಬೇಡಿ. ತಯಾರಾದ ವರ್ಷ ಮತ್ತು ನೋಂದಣಿಯಾದ ವರ್ಷ ಹಲವು ಸಲ ಬೇರೆ ಬೇರೆ ಇರುತ್ತವೆ. 2018ರ ಡಿಸೆಂಬರ್‌ನಲ್ಲಿ ತಯಾರಾಗಿ 2019ರ ಫೆಬ್ರವರಿಯಲ್ಲಿ ನೋಂದಣಿಯಾದ ಕಾರನ್ನು ಬರೀ "2019ರ ಮಾಡೆಲ್" ಎಂದು ಬರೆದರೆ, ಕಾಗದ ನೋಡಿದ ಕ್ಷಣದಿಂದ ನಿಮ್ಮ ಉಳಿದ ಮಾತುಗಳ ಮೇಲೂ ಅನುಮಾನ ಶುರುವಾಗುತ್ತದೆ. ಎರಡನ್ನೂ ಬರೆಯಿರಿ.

ಕಾರಿನ ಗುರುತಿನ ಸಂಖ್ಯೆ, ಅಂದರೆ ಚಾಸಿ ನಂಬರ್, ಇಂದಿನ ಕಾರುಗಳಲ್ಲಿ 17 ಅಕ್ಷರ ಮತ್ತು ಅಂಕಿಗಳದ್ದು. ಮುಂದಿನ ಗಾಜಿನ ಕೆಳ ಅಂಚು, ಬಾಗಿಲ ಕಂಬ, ಎಂಜಿನ್ ಕೋಣೆ ಇವುಗಳಲ್ಲಿ ಎಲ್ಲಾದರೂ ಕೊರೆದಿರುತ್ತಾರೆ. ಅದನ್ನು ಕಾಗದದ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇದರಲ್ಲಿ ಬರುವುದೇ ಇಲ್ಲ. ದುಂಡಗೆ ಕಂಡದ್ದು ಸೊನ್ನೆಯೇ. ಕಾಗದದಲ್ಲಿ ಓ ಎಂದು ಬಿದ್ದಿದ್ದರೆ ಅದು ಬರೆದವರ ತಪ್ಪು, ಜಾಹೀರಾತು ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಈ ಸಂಖ್ಯೆಯನ್ನು ಜಾಹೀರಾತಿನಲ್ಲಿ ಹಾಕಬೇಕಿಲ್ಲ. ನಿಜವಾದ ಆಸಕ್ತಿಯಿಂದ ಕಾರಿನ ಇತಿಹಾಸ ಪರಿಶೀಲಿಸುತ್ತೇನೆ ಎನ್ನುವವರಿಗೆ ಕೊಟ್ಟರೆ ಸಾಕು. ಸಾಲ ಬಾಕಿ ಇದ್ದರೆ ಅದನ್ನು ತೀರಿಸಿ, ಸಾಲ ತೀರಿದೆ ಎಂಬ ಪತ್ರ ತೆಗೆಸಲು ಎಷ್ಟು ದಿನ ಬೇಕೆಂದು ಈಗಲೇ ಕೇಳಿಟ್ಟುಕೊಳ್ಳಿ.

ಸರ್ವಿಸ್ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ದೊಡ್ಡ ಕೆಲಸಗಳನ್ನು ಮಾತ್ರ ಆರಿಸಿ ಬರೆದುಕೊಳ್ಳಿ: ಕ್ಲಚ್, ಬ್ರೇಕ್ ಪ್ಯಾಡ್, ಬ್ಯಾಟರಿ, ಏಸಿ, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್‌ಗಳ ಓಟಕ್ಕೆ ಹೊಂದಿಸಿ ನಡೆಸುವ ಪಟ್ಟಿ). ಪ್ರತಿಯೊಂದರ ಪಕ್ಕ ತಿಂಗಳು, ವರ್ಷ ಮತ್ತು ಆಗ ಮೀಟರ್ ತೋರಿಸುತ್ತಿದ್ದ ಕಿ.ಮೀ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಬದಲಿಸಿದ್ದೀರಾ ಎನ್ನುವುದೇ ತಿಳಿದವರು ಕೇಳುವ ಮೊದಲ ಪ್ರಶ್ನೆ, ಏಕೆಂದರೆ ಅನೇಕ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ನಿಮ್ಮದು ಬೆಲ್ಟ್ ಬದಲು ಚೈನ್ ಇರುವ ಎಂಜಿನ್ ಆದರೆ ಅದನ್ನೂ ಬರೆಯಿರಿ, ಒಂದು ಫೋನ್ ಕರೆ ಉಳಿಯುತ್ತದೆ.

ಟೈರಿಗೆ ಹತ್ತು ನಿಮಿಷ ಕೊಡಿ. "ಟೈರ್ ಚೆನ್ನಾಗಿದೆ" ಎಂದು ಎಲ್ಲರೂ ಬರೆಯುತ್ತಾರೆ, ಅಳೆದು ಬರೆಯುವವರು ವಿರಳ. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕೆಲವು ಟೈರುಗಳಲ್ಲಿ ಪೂರ್ತಿ ಸಂಖ್ಯೆ ಒಳಮಗ್ಗುಲಲ್ಲಿ ಮಾತ್ರ ಇರುತ್ತದೆ. ಮುಂದಿನ ಚಕ್ರವಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಬಹುದು, ಹಿಂದಿನದಕ್ಕೆ ಬಗ್ಗಲೇಬೇಕು. ಆಮೇಲೆ ತೋಡಿನ ಆಳವನ್ನು ಒಳ ಅಂಚು, ನಡು, ಹೊರ ಅಂಚು ಹೀಗೆ ಮೂರು ಕಡೆ ಅಳೆಯಿರಿ. ಹೊಸ ಕಾರಿನ ಟೈರಿಗೆ ಸುಮಾರು 7ರಿಂದ 8 ಮಿ.ಮೀ. ಇರುತ್ತದೆ. ತೋಡಿನೊಳಗೆ ಅಡ್ಡಕ್ಕೆ ಕಾಣುವ ಸಣ್ಣ ದಿಮ್ಮಿಗಳ ಎತ್ತರ 1.6 ಮಿ.ಮೀ. ಮೇಲ್ಮೈ ಅವುಗಳ ಮಟ್ಟಕ್ಕೆ ಸವೆದಿದ್ದರೆ ಟೈರಿನ ಆಯಸ್ಸು ಮುಗಿದಿದೆ.

ಸವೆತದ ರೀತಿ ಕಾರಿನ ಬಗ್ಗೆ ಚಾಡಿ ಹೇಳುತ್ತದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ತುಂಬಿಸಿದ್ದು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇದ್ದದ್ದು. ಒಂದೇ ಅಂಚು ಸವೆದಿದ್ದರೆ ಹೆಚ್ಚಾಗಿ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನದ ಹೊಂದಾಣಿಕೆ, ತಪ್ಪಿದ್ದು, ಕೆಲವೊಮ್ಮೆ ಸಸ್ಪೆನ್ಷನ್‌ನ ಯಾವುದೋ ಭಾಗ ಸಡಿಲವಾದದ್ದು. ಅಲೈನ್‌ಮೆಂಟ್ ಮಾಡಿಸಿ, ಬಿಲ್ ಇಟ್ಟುಕೊಂಡು, "ಎಡ ಮುಂದಿನ ಟೈರಿನ ಒಳ ಅಂಚು ಸವೆದಿದೆ, ಅಲೈನ್‌ಮೆಂಟ್ ಈ ತಿಂಗಳು ಸರಿಪಡಿಸಲಾಗಿದೆ" ಎಂದು ನೇರವಾಗಿ ಬರೆದರೆ ಕಾರಿಗೇನೋ ದೊಡ್ಡ ಏಟು ಬಿದ್ದಿರಬೇಕು ಎಂಬ ಊಹೆಗೆ ಜಾಗವಿರುವುದಿಲ್ಲ.

ಇಂಧನದ ಲೆಕ್ಕವನ್ನೂ ಮಾಡಿಟ್ಟುಕೊಳ್ಳಿ. ಟ್ಯಾಂಕ್ ಪೂರ್ತಿ ತುಂಬಿಸಿ, ನಾಲ್ಕು ನೂರು ಕಿ.ಮೀ. ಆಸುಪಾಸು ಓಡಿಸಿ, ಮತ್ತೆ ಪೂರ್ತಿ ತುಂಬಿಸಿ. 410 ಕಿ.ಮೀ. ಓಡಿ 24 ಲೀಟರ್ ಹಿಡಿದರೆ ಲೀಟರಿಗೆ ಸುಮಾರು 17. "ಮೈಲೇಜ್ ಸೂಪರ್" ಎನ್ನುವುದಕ್ಕಿಂತ ಈ ಒಂದು ಲೆಕ್ಕಕ್ಕೆ ತೂಕ ಹೆಚ್ಚು.

ಏನು ರಿಪೇರಿ ಮಾಡಿಸಬೇಕು, ಏನು ಬಿಡಬೇಕು

ಸುಟ್ಟ ಬಲ್ಬ್, ಹರಿದ ವೈಪರ್, ಕಿತ್ತುಬಂದ ರಬ್ಬರ್, ಒಳಗಿನ ವಾಸನೆ ಇವನ್ನೆಲ್ಲ ಸರಿಪಡಿಸಿ. ಖರ್ಚು ಕಡಿಮೆ, ಆದರೆ ಇವು ಕಂಡರೆ ಮಾಲೀಕರು ಕಾರನ್ನು ನೋಡಿಕೊಂಡೇ ಇಲ್ಲ ಅನ್ನಿಸುತ್ತದೆ.

ಒಂದು ಬಾಗಿಲಿಗೆ ಮಾತ್ರ ಹೊಸ ಬಣ್ಣ ಹೊಡೆಸಲು ಹೋಗಬೇಡಿ. ಕಾರ್ಖಾನೆಯಲ್ಲಿ ಬಳಿದ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. ಮೇಲೆ ಮತ್ತೊಮ್ಮೆ ಬಳಿದರೆ ಅದು ಎದ್ದು ಕಾಣುವಷ್ಟು ಏರುತ್ತದೆ, ಕೆಳಗೆ ಪುಟ್ಟಿ ತುಂಬಿದ್ದರಂತೂ ಹಲವು ಪಟ್ಟು. ಅಂಗೈಯಲ್ಲಿ ಹಿಡಿಯುವ ಮಾಪಕದಿಂದ ಇದನ್ನು ಕ್ಷಣದಲ್ಲಿ ಕಂಡುಹಿಡಿಯಬಹುದು. ನೀವು ಗೀರು ಮುಚ್ಚಲು ಹೊಡೆಸಿದ ಬಣ್ಣ ಅಪಘಾತ ಮುಚ್ಚಲು ಹೊಡೆಸಿದ ಹಾಗೆ ಕಾಣುತ್ತದೆ. ಗೀರು ಗೀರಾಗಿಯೇ ಇರಲಿ. ಹಿಂದೆಂದೋ ಬಣ್ಣ ಹೊಡೆಸಿದ್ದರೆ ಯಾವ ಭಾಗಕ್ಕೆ, ಯಾಕೆ ಎಂದು ಬರೆಯಿರಿ.

ಎಂಜಿನ್ನನ್ನು ಜೋರು ನೀರಿನಲ್ಲಿ ತೊಳೆಸುವುದೂ ಬೇಡ. ನೀರು ಕನೆಕ್ಟರ್‌ಗಳೊಳಗೆ ನುಗ್ಗಿ, ಮರುದಿನ ನೋಡಲು ಬಂದವರ ಎದುರಲ್ಲೇ ಎಂಜಿನ್ ತಡವರಿಸಬಹುದು. ಮೇಲಾಗಿ ಫಳಫಳ ಹೊಳೆಯುವ ಎಂಜಿನ್ ಕಂಡರೆ ಎಣ್ಣೆ ಸೋರಿದ್ದನ್ನು ಒರೆಸಿರಬೇಕು ಎಂದೇ ತಿಳಿದವರು ಯೋಚಿಸುತ್ತಾರೆ. ಒಣ ಬಟ್ಟೆಯಲ್ಲಿ ಧೂಳು ತೆಗೆದರೆ ಸಾಕು.

ಎಂಜಿನ್ ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿಸಿ ದೋಷದ ಸಂಕೇತ ತಿಳಿದುಕೊಳ್ಳಿ. ಅದನ್ನು ಅಳಿಸಿ ದೀಪ ಆರಿಸುವ ಉಪಾಯ ನಡೆಯುವುದಿಲ್ಲ. ಸಂಕೇತ ಅಳಿಸಿದಾಗ ಕಾರಿನ ಕಂಪ್ಯೂಟರ್ ತನ್ನ ಸ್ವಪರೀಕ್ಷೆಗಳ ದಾಖಲೆಯನ್ನೂ ಅಳಿಸುತ್ತದೆ, ಅವು ಮತ್ತೆ ಪೂರ್ಣಗೊಳ್ಳಲು ಸಾಕಷ್ಟು ಓಡಾಟ ಬೇಕು. ಕೊಳ್ಳುವವರು ಸ್ಕ್ಯಾನರ್ ಚುಚ್ಚಿದರೆ "ಪರೀಕ್ಷೆ ಅಪೂರ್ಣ" ಎಂಬ ಸೂಚನೆ ಬರುತ್ತದೆ. ಇತ್ತೀಚೆಗೆ ಯಾರೋ ಅಳಿಸಿದ್ದಾರೆ ಎಂದು ತಿಳಿಯಲು ಅವರಿಗೆ ಅಷ್ಟೇ ಸಾಕು.

ಫೋಟೊ

ಜನ ಮೊದಲು ಫೋಟೊ ನೋಡುತ್ತಾರೆ, ಆಮೇಲೆ ಬೆಲೆ, ಆಮೇಲೆ ಅಕ್ಷರ. ಹಾಗಾಗಿ ಇದಕ್ಕೆ ಒಂದು ಬೆಳಗ್ಗೆ ಮೀಸಲಿಡಿ. ಸೂರ್ಯ ಹುಟ್ಟಿ ಒಂದು ಗಂಟೆಯೊಳಗೆ, ಇಲ್ಲವೇ ಮುಳುಗುವ ಒಂದು ಗಂಟೆ ಮುಂಚೆ, ಇಲ್ಲವೇ ತೆಳು ಮೋಡದ ಹೊತ್ತು ಒಳ್ಳೆಯದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಚಾವಣಿ ಬೆಳ್ಳಗೆ ಸುಟ್ಟಂತಾಗಿ ಬಾಗಿಲ ಕೆಳಭಾಗ ಕಪ್ಪಾಗುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ತೊಳೆದ ಕಾರು ಪೂರ್ತಿ ಒಣಗಿರಲಿ, ಏಕೆಂದರೆ ಒದ್ದೆ ಮೈ ಗೀರುಗಳನ್ನು ಮುಚ್ಚುತ್ತದೆ ಎಂಬುದು ಕೊಳ್ಳುವವರಿಗೂ ಗೊತ್ತು.

ಫೋನನ್ನು ಅಡ್ಡ ಹಿಡಿಯಿರಿ. ಕಾರಿಗೆ ಅಂಟಿಕೊಂಡು ನಿಂತು ತೆಗೆದರೆ ಮೂತಿ ಊದಿಕೊಂಡು, ಹಿಂಭಾಗ ಸಣಕಲಾಗಿ ಕಾಣುತ್ತದೆ. ಐದಾರು ಮೀಟರ್ ಹಿಂದೆ ಸರಿದು, ಬೇಕಾದರೆ ಎರಡು ಪಟ್ಟು ಝೂಮ್ ಮಾಡಿ, ಮಂಡಿಯೂರಿ ಹೆಡ್‌ಲೈಟ್ ಎತ್ತರದಿಂದ ತೆಗೆಯಿರಿ. ಮುಂದಿನ ಚಕ್ರಗಳನ್ನು ತುಸು ತಿರುಗಿಸಿಟ್ಟರೆ ರಿಮ್‌ನ ಮುಖ ಕ್ಯಾಮೆರಾದ ಕಡೆಗೆ ಬರುತ್ತದೆ, ಬರೀ ಟೈರಿನ ಕಪ್ಪು ಪಟ್ಟೆ ಕಾಣುವುದಿಲ್ಲ. ಕ್ಲಿಕ್ ಮಾಡುವ ಮುಂಚೆ ಬಾಗಿಲಿನ ಮೇಲೆ ಬಿದ್ದ ಪ್ರತಿಬಿಂಬ ಗಮನಿಸಿ. ಕಪ್ಪು ಕಾರು ಕನ್ನಡಿಯಂತೆ ಎದುರಿನ ಕಂಬ, ಗೋಡೆ, ಫೋನ್ ಹಿಡಿದ ನಿಮ್ಮನ್ನೂ ತೋರಿಸುತ್ತದೆ.

ಮೊದಲ ಫೋಟೊ ಮುಂಭಾಗ ಮತ್ತು ಒಂದು ಪಕ್ಕ ಎರಡೂ ಕಾಣುವ ಓರೆ ಕೋನದ್ದಿರಲಿ. ಎರಡನೆಯದು ಅದರ ಕರ್ಣದ ತುದಿಯಿಂದ, ಅಂದರೆ ಹಿಂಭಾಗ ಮತ್ತು ಉಳಿದ ಪಕ್ಕ. ಈ ಎರಡರಲ್ಲೇ ಕಾರು ಸುತ್ತ ಕಂಡಂತಾಗುತ್ತದೆ. ಆಮೇಲೆ ಎರಡೂ ಪಕ್ಕ, ಮುಂದೆ, ಹಿಂದೆ ನೇರವಾಗಿ. ಒಳಗೆ ಚಾಲಕರ ಸೀಟು, ಡ್ಯಾಶ್‌ಬೋರ್ಡ್, ಹಿಂದಿನ ಸೀಟು, ಡಿಕ್ಕಿ, ಸ್ಟೆಪ್ನಿ ಮತ್ತು ಜಾಕ್, ಬಾನೆಟ್ ಎತ್ತಿ ಎಂಜಿನ್, ನಾಲ್ಕೂ ಟೈರು. ಮೀಟರಿನ ಫೋಟೊವನ್ನು ಎಂಜಿನ್ ಚಾಲೂ ಇರುವಾಗ ತೆಗೆಯಿರಿ. ಓಡಿದ ಕಿ.ಮೀ. ಮತ್ತು ಎಚ್ಚರಿಕೆಯ ದೀಪ ಒಂದೂ ಉರಿಯುತ್ತಿಲ್ಲ ಎನ್ನುವುದು ಒಂದೇ ಚಿತ್ರದಲ್ಲಿ ಸಿಗುತ್ತದೆ. ಒಟ್ಟು ಹದಿನೈದರಿಂದ ಇಪ್ಪತ್ತು ಸಾಕು.

ಕುಂದುಗಳಿಗೆ ತಲಾ ಎರಡು ಫೋಟೊ ಬೇಕು. ಒಂದು ದೂರದಿಂದ, ಎಲ್ಲಿದೆ ಎಂದು ತಿಳಿಯಲು. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು. ಪಟ್ಟಿ ಇಲ್ಲದ ಹತ್ತಿರದ ಫೋಟೊದಲ್ಲಿ 3 ಸೆಂ.ಮೀ. ಗೀರೂ ಒಂದು ಮೊಳದಷ್ಟು ಕಂಡು ನಿಮಗೇ ನಷ್ಟ. ನೆಗ್ಗನ್ನು ನೇರ ನಿಂತು ತೆಗೆದರೆ ಕಾಣುವುದಿಲ್ಲ, ಬೆಳಕು ಓರೆಯಾಗಿ ಬೀಳುವ ಹಾಗೆ ಪಕ್ಕದಿಂದ ತೆಗೆಯಿರಿ.

ಹಾಕುವ ಮುಂಚೆ ಪ್ರತಿ ಫೋಟೊದ ಮೂಲೆ ಮೂಲೆ ನೋಡಿ. ಮನೆಯ ಸಂಖ್ಯೆ, ಮಕ್ಕಳು, ಡ್ಯಾಶ್‌ಬೋರ್ಡ್ ಮೇಲಿನ ಕಾಗದ ಇರಬಾರದು. ನಂಬರ್ ಪ್ಲೇಟ್ ಮಸುಕು ಮಾಡಿ, ಅದೇ ಸಂಖ್ಯೆಯ ನಕಲಿ ಫಲಕ ಮಾಡಿಕೊಳ್ಳುವವರಿದ್ದಾರೆ. ಎರಡು ಕೀ ಇವೆ ಎಂದು ತೋರಿಸುವಾಗ ಹಲ್ಲಿನ ಭಾಗ ಮುಚ್ಚಿ, ಫೋಟೊ ನೋಡಿಯೇ ನಕಲು ಕತ್ತರಿಸಲು ಸಾಧ್ಯ. ಫೋನಿನ ಕ್ಯಾಮೆರಾ ಚಿತ್ರದೊಳಗೆ ಸ್ಥಳದ ಮಾಹಿತಿ ಸೇರಿಸುವ ಸೌಲಭ್ಯವನ್ನೂ ಮೊದಲೇ ಆಫ್ ಮಾಡಿಡಿ.

ಸಾಧ್ಯವಾದರೆ ಅರ್ಧ ನಿಮಿಷದ ಒಂದು ವಿಡಿಯೊ: ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದ್ದು, ಸೈಲೆನ್ಸರ್ ಕಾಣುವಂತೆ. ಚಳಿಗೆ ತೆಳು ಬಿಳಿ ಆವಿ ಸಹಜ. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು, ನಿಲ್ಲದೆ ಬರುವ ದಟ್ಟ ಬಿಳಿ ಹೊಗೆ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಸಿಲಿಂಡರಿನೊಳಗೆ ಸೇರುತ್ತಿರುವುದರ ಗುರುತು. ಯಾವುದೂ ಇಲ್ಲದ ವಿಡಿಯೊ ಮೂರು ಪ್ಯಾರಾ ಹೊಗಳಿಕೆಯ ಕೆಲಸ ಮಾಡುತ್ತದೆ.

ತಲೆಬರಹ

ಪಟ್ಟಿಯಲ್ಲಿ ತಲೆಬರಹದ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ವರ್ಷ, ಕಂಪನಿ, ಮಾಡೆಲ್, ವೇರಿಯಂಟ್, ಇಂಧನ, ಗೇರು, ಕಿ.ಮೀ., ಮಾಲೀಕತ್ವ ಈ ಕ್ರಮದಲ್ಲಿ ಬರೆಯಿರಿ. ಹೆಸರನ್ನು ಕಂಪನಿ ಬರೆಯುವ ಹಾಗೆಯೇ ಬರೆಯಿರಿ, ಒಂದು ಅಕ್ಷರ ತಪ್ಪಿದರೂ ಹುಡುಕಾಟದಲ್ಲಿ ಸಿಗುವುದಿಲ್ಲ. "ತುರ್ತು ಮಾರಾಟ" ಎಂದು ಬರೆದರೆ ಕಡಿಮೆ ಬೆಲೆ ಕೇಳಿ ಎಂದು ನೀವೇ ಕರೆದಂತೆ.

ವಿವರಣೆ

ಮೊದಲ ಪ್ಯಾರಾದಲ್ಲಿ ಕಾಗದದ ಸಂಗತಿಗಳು, ಎರಡನೆಯದರಲ್ಲಿ ಆದ ಕೆಲಸಗಳು, ಮೂರನೆಯದರಲ್ಲಿ ಕುಂದುಗಳು, ಕೊನೆಗೆ ಮಾರುವ ಕಾರಣ ಮತ್ತು ನೋಡಲು ಬರುವ ಸಮಯ. ಒಂದೊಂದು ಪ್ಯಾರಾ ನಾಲ್ಕೈದು ಸಾಲು ದಾಟದಿರಲಿ. ಓದುವವರು ಫೋನಿನ ಪರದೆಯಲ್ಲಿ ಓದುತ್ತಾರೆ.

ಕುಂದುಗಳ ಪ್ಯಾರಾ ಬರೆಯಲು ಎಲ್ಲರಿಗೂ ಹಿಂಜರಿಕೆ. ಆದರೆ ಅವು ಹೇಗೂ ಐದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತವೆ, ಮತ್ತು ಮುಚ್ಚಿಟ್ಟು ಸಿಕ್ಕಿಬಿದ್ದ ದೋಷಕ್ಕೆ ಕಳೆಯುವ ಬೆಲೆ ಅದರ ರಿಪೇರಿ ಖರ್ಚಿಗಿಂತ ಯಾವಾಗಲೂ ಜಾಸ್ತಿ. ಏನು, ಎಲ್ಲಿ, ಎಷ್ಟು ದೊಡ್ಡದು, ಓಡಿಸಲು ತೊಂದರೆ ಇದೆಯೇ, ಸರಿಪಡಿಸಲು ಎಷ್ಟು ಹೇಳಿದ್ದಾರೆ ಎಂಬಿಷ್ಟನ್ನೂ ಬರೆಯಿರಿ. "ಚಿಕ್ಕಪುಟ್ಟ ಗೀರುಗಳಿವೆ" ಎಂಬ ಮಾತು ಎಲ್ಲಕ್ಕಿಂತ ಕೆಟ್ಟದ್ದು, ಓದಿದವರು ಊಹಿಸಿಕೊಳ್ಳುವ ಗೀರು ನಿಮ್ಮ ಕಾರಿನ ಗೀರಿಗಿಂತ ದೊಡ್ಡದಾಗಿರುತ್ತದೆ. ಅಪಘಾತವಾಗಿದ್ದರೆ ಯಾವ ಭಾಗ ಬದಲಾಗಿದೆ, ಏರ್‌ಬ್ಯಾಗ್ ತೆರೆದಿತ್ತೇ, ವಿಮೆಯಲ್ಲಿ ಕ್ಲೇಮ್ ಇದೆಯೇ ಎನ್ನುವುದು ಬರಲೇಬೇಕು. ಇದನ್ನು ಮರೆಮಾಚಿದರೆ ಮಾರಾಟದ ನಂತರವೂ ಜಗಳ ನಿಮ್ಮ ಬಾಗಿಲಿಗೆ ಬರಬಹುದು.

ಮಾರುವ ಕಾರಣ ಒಂದೇ ಸಾಲು. ಕಾರಣ ಬರೆಯದಿದ್ದರೆ ಕಾರಿಗೇನೋ ಆಗಿದೆ ಎಂದುಕೊಳ್ಳುತ್ತಾರೆ, ಉದ್ದಕ್ಕೆ ಬರೆದರೆ ಸಬೂಬು ಎಂದುಕೊಳ್ಳುತ್ತಾರೆ.

ಒಂದು ಮಾದರಿ ನೋಡಿ. ಕಾರು ಕಾಲ್ಪನಿಕ, ಬರೆಯುವ ರೀತಿ ಮಾತ್ರ ಗಮನಿಸಿ:

"2018 ಡಿಸೆಂಬರ್‌ನಲ್ಲಿ ತಯಾರಿಕೆ, 2019 ಫೆಬ್ರವರಿಯಲ್ಲಿ ನೋಂದಣಿ. ಪೆಟ್ರೋಲ್, ಮ್ಯಾನ್ಯುವಲ್ ಗೇರ್, 62,400 ಕಿ.ಮೀ. (ದಿನವೂ ಓಡಿಸುತ್ತಿರುವುದರಿಂದ ಸ್ವಲ್ಪ ಏರಬಹುದು). ಮೊದಲ ಮಾಲೀಕರು. ಸಾಲವಿಲ್ಲ. ಎರಡು ಕೀ. ಎಲ್ಲ ಸರ್ವಿಸ್ ಬಿಲ್ಲುಗಳಿವೆ.

ಕ್ಲಚ್ 55,000 ಕಿ.ಮೀ.ಗೆ ಬದಲಿಸಿದೆ. ಮುಂದಿನ ಬ್ರೇಕ್ ಪ್ಯಾಡ್ ಮತ್ತು ಬ್ಯಾಟರಿ ಕಳೆದ ವರ್ಷ ಹೊಸದು. ಟೈಮಿಂಗ್ ಚೈನ್ ಇರುವ ಎಂಜಿನ್. ಮುಂದಿನ ಎರಡು ಟೈರು 2023ರ 10ನೇ ವಾರದವು, ತೋಡು 6 ಮಿ.ಮೀ. ಹಿಂದಿನವು 2020ರವು, ತೋಡು 3 ಮಿ.ಮೀ., ಬೇಗ ಬದಲಿಸಬೇಕಾಗುತ್ತದೆ. ಬೆಲೆ ಇಡುವಾಗ ಅದನ್ನು ಲೆಕ್ಕಕ್ಕೆ ಹಿಡಿದಿದ್ದೇವೆ.

ಹಿಂದಿನ ಬಂಪರ್‌ನ ಎಡ ಮೂಲೆಯಲ್ಲಿ 11 ಸೆಂ.ಮೀ. ಗೀರು, ಬಣ್ಣ ಹೋಗಿದೆ, ಬಿರುಕಿಲ್ಲ (ಫೋಟೊ 14, 15). ಬಲ ಹಿಂಬಾಗಿಲ ಕಿಟಕಿ ಮೇಲೇರುವಾಗ ನಿಧಾನ. ಅಪಘಾತವಾಗಿಲ್ಲ, ಯಾವ ಭಾಗಕ್ಕೂ ಮರುಬಣ್ಣ ಹೊಡೆದಿಲ್ಲ.

ಕುಟುಂಬಕ್ಕೆ ದೊಡ್ಡ ಕಾರು ಬೇಕಾಗಿರುವುದರಿಂದ ಮಾರುತ್ತಿದ್ದೇವೆ. ಸಂಜೆ 6ರ ನಂತರ ಕರೆ ಮಾಡಿ. ನಿಮ್ಮ ಮೆಕ್ಯಾನಿಕ್ ಜೊತೆ ಬರಬಹುದು."

ಕೊನೆಯ ಆ ಒಂದು ವಾಕ್ಯ ಬಿಡಬೇಡಿ. ಮೆಕ್ಯಾನಿಕ್ಕನ್ನು ತಾನಾಗಿ ಕರೆಯುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಯಾರೂ ಅಂದುಕೊಳ್ಳುವುದಿಲ್ಲ.

ಬೆಲೆ

ಅದೇ ಮಾಡೆಲ್, ಆಚೀಚೆ ಒಂದು ವರ್ಷ, ಹೆಚ್ಚುಕಮ್ಮಿ ಅಷ್ಟೇ ಓಡಿದ ಹತ್ತು ಹನ್ನೆರಡು ಕಾರುಗಳ ಜಾಹೀರಾತು ನೋಡಿ ಬೆಲೆ ಬರೆದುಕೊಳ್ಳಿ. ಅವೆಲ್ಲ ಕೇಳುವ ಬೆಲೆಗಳು, ಮಾರಿದ ಬೆಲೆಗಳಲ್ಲ ಎನ್ನುವುದು ನೆನಪಿರಲಿ. ತಿಂಗಳಿಗೂ ಮೇಲ್ಪಟ್ಟು ಕೂತಿರುವ ಜಾಹೀರಾತುಗಳನ್ನು ಪಟ್ಟಿಯಿಂದ ತೆಗೆದುಬಿಡಿ, ಆ ಬೆಲೆಗೆ ಹೋಗುವುದಿಲ್ಲ ಎಂದು ಮಾರುಕಟ್ಟೆಯೇ ಹೇಳಿದೆ. ಉಳಿದವುಗಳ ನಡುವಿನ ಬೆಲೆಯಿಂದ ನಿಮ್ಮ ಕಾರಿನ ಟೈರು, ಕುಂದುಗಳ ಖರ್ಚು ಕಳೆಯಿರಿ. ಚೌಕಾಸಿಗೆಂದು ಶೇ. 5ರಷ್ಟು ಸೇರಿಸಬಹುದು. ಶೇ. 20 ಸೇರಿಸಿದರೆ ಫೋನೇ ಬರುವುದಿಲ್ಲ. ನೀವು ಹಾಕಿಸಿದ ಸ್ಟೀರಿಯೊ, ಸೀಟ್ ಕವರಿನ ದುಡ್ಡು ವಾಪಸ್ ಬರುತ್ತದೆಂಬ ಆಸೆ ಬೇಡ.

ಜಾಲತಾಣಗಳಲ್ಲಿ ಜನ ಬೆಲೆಯ ಮಿತಿ ಹಾಕಿ ಹುಡುಕುತ್ತಾರೆ, ಮಿತಿ ಯಾವಾಗಲೂ ದುಂಡು ಅಂಕಿ. ನಿಮ್ಮ ಬೆಲೆ ಆ ದುಂಡು ಅಂಕಿಗಿಂತ ಕೂದಲೆಳೆ ಮೇಲಿದ್ದರೆ ಅಷ್ಟೂ ಜನರ ಕಣ್ಣಿಂದ ನಿಮ್ಮ ಕಾರು ಮರೆಯಾಗುತ್ತದೆ. ಬೆಲೆಯ ಜಾಗ ಖಾಲಿ ಬಿಡುವುದು ಅದಕ್ಕಿಂತ ತಪ್ಪು.

ಹಾಕಿದ ಮೇಲೆ

ಒಂದು ವಾರ, ಹತ್ತು ದಿನ ಗಮನಿಸಿ. ನೋಡಿದವರು ತುಂಬ ಇದ್ದು ಕರೆ ಬರದಿದ್ದರೆ ಬೆಲೆ ಹೆಚ್ಚಾಗಿದೆ. ನೋಡಿದವರೇ ಕಡಿಮೆ ಎಂದರೆ ಮೊದಲ ಫೋಟೊ ಅಥವಾ ತಲೆಬರಹ ಬದಲಿಸಿ. ಕರೆಗಳು ಬಂದು ಯಾರೂ ಕಾರು ನೋಡಲು ಬರದಿದ್ದರೆ, ಫೋನಿನಲ್ಲಿ ಯಾವ ಉತ್ತರ ಕೇಳಿ ಹಿಂದೆ ಸರಿಯುತ್ತಿದ್ದಾರೆ ಎಂದು ಗಮನಿಸಿ ಅದನ್ನು ಜಾಹೀರಾತಿಗೇ ಸೇರಿಸಿ. ಬಂದು ನೋಡಿ ಮಾತಿಲ್ಲದೆ ಹೋಗುತ್ತಿದ್ದಾರೆ ಎಂದರೆ ಬರೆದದ್ದಕ್ಕೂ ಕಾರಿಗೂ ತಾಳೆಯಾಗುತ್ತಿಲ್ಲ. ಬೆಲೆ ಇಳಿಸುವುದಾದರೆ ಒಂದೇ ಸಲ ಗಮನ ಸೆಳೆಯುವಷ್ಟು ಇಳಿಸಿ. ದಿನಕ್ಕಿಷ್ಟು ಎಂದು ಚೂರು ಚೂರು ಇಳಿಸಿದರೆ ನೋಡುತ್ತಿರುವವರು ಇನ್ನೂ ಇಳಿಯಲಿ ಎಂದು ಕಾಯುತ್ತಾರೆ.

ಕಾರು ನೋಡದೆಯೇ ಪೂರ್ತಿ ಹಣ ಕಳಿಸುತ್ತೇನೆ ಎನ್ನುವವರು, ನಿಮ್ಮ ಫೋನಿಗೆ ಬಂದ ಸಂಕೇತ ಸಂಖ್ಯೆ ಕೇಳುವವರು, ಹಣ ಪಡೆಯಲು ಈ ಕೋಡ್ ಸ್ಕ್ಯಾನ್ ಮಾಡಿ ಎನ್ನುವವರು ವಂಚಕರು, ಮಾತು ಬೆಳೆಸಬೇಡಿ. ಟೆಸ್ಟ್ ಡ್ರೈವ್‌ಗೆ ಕೊಡುವ ಮುಂಚೆ ಚಾಲನಾ ಪರವಾನಗಿ ನೋಡಿ, ಪಕ್ಕದ ಸೀಟಿನಲ್ಲಿ ನೀವೇ ಕೂರಿ. ಸೀಟು ಬದಲಿಸುವಾಗ ಕೀ ನಿಮ್ಮ ಕೈಯಲ್ಲಿರಲಿ.

ಹಣ ಖಾತೆಗೆ ಬಂದದ್ದನ್ನು ನೀವೇ ಖಾತೆ ತೆರೆದು ನೋಡಿ, ವರ್ಗಾವಣೆಯ ಕಾಗದಗಳಿಗೆ ಸಹಿಯಾದ ದಿನವೇ ಜಾಹೀರಾತು ತೆಗೆಯಿರಿ. ತೆಗೆಯುವ ಮುಂಚೆ ಅದರ ಬರಹ ಮತ್ತು ಫೋಟೊಗಳ ಒಂದು ಪ್ರತಿ ಉಳಿಸಿಕೊಳ್ಳಿ. ಆರು ತಿಂಗಳ ನಂತರ "ಆ ಗೀರಿನ ವಿಷಯ ನೀವು ಹೇಳಿರಲೇ ಇಲ್ಲ" ಎಂಬ ಕರೆ ಬಂದರೆ ಫೋಟೊ 14 ಮತ್ತು 15 ನಿಮ್ಮ ಹತ್ತಿರ ಇರುತ್ತವೆ.